ಪಿಂಚಣಿ ನಿಧಿಯ ಸ್ಥಿತಿ ಪ್ರಕಟಣೆ

ಪಿಂಚಣಿ ನಿಧಿಯ ಸ್ಥಿತಿ ಪ್ರಕಟಣೆ ಎಂದರೆ ನೌಕರರಿಗೆ ನಿವೃತ್ತಿಯ ನಂತರ ಕೊಡಬೇಕಾದ ಮೊತ್ತವೆಷ್ಟು, ಅದಕ್ಕಾಗಿ ಈಗಾಗಲೇ ಕೂಡಿಟ್ಟಿರುವ ಹಣವೆಷ್ಟು, ಎರಡರ ನಡುವಿನ ಕೊರತೆ ಎಷ್ಟು, ಆ ಕೊರತೆಯನ್ನು ಯಾರು ತುಂಬಬೇಕು ಎಂಬ ವಿವರಗಳನ್ನು ಉದ್ಯೋಗದಾತರು ಅಥವಾ ನಿಧಿಯ ಆಡಳಿತಗಾರರು ಕಾನೂನಿನ ಅಥವಾ ಲೆಕ್ಕಪತ್ರ ಮಾನದಂಡದ ಪ್ರಕಾರ ಹೊರಗಿಡುವ ವ್ಯವಸ್ಥೆಯಾಗಿದೆ. ಭಾರತದಲ್ಲಿ ಇದಕ್ಕೆ ಒಂದೇ ಕಾನೂನು ಇಲ್ಲ. ಕಂಪನಿ ಕಾನೂನು, ಲೆಕ್ಕಪತ್ರ ಮಾನದಂಡಗಳು, ನೌಕರರ ಭವಿಷ್ಯ ನಿಧಿ ಕಾನೂನು, ಆದಾಯ ತೆರಿಗೆ ಕಾನೂನು, ರಿಸರ್ವ್ ಬ್ಯಾಂಕಿನ ಸುತ್ತೋಲೆಗಳು, ವಿದ್ಯುತ್ ದರ ನಿಗದಿಯ ನಿಯಮಗಳು ಹೀಗೆ ಬೇರೆ ಬೇರೆ ಕಡೆ ಈ ಕರ್ತವ್ಯ ಹಂಚಿಹೋಗಿದೆ. ಕರ್ನಾಟಕದಲ್ಲಿ ಈ ವಿಷಯ ಸಾರ್ವಜನಿಕ ಚರ್ಚೆಗೆ ಬಂದದ್ದು ಮುಖ್ಯವಾಗಿ 2025ರ ಏಪ್ರಿಲ್‌ನಿಂದ ವಿದ್ಯುತ್ ಬಿಲ್ಲಿನಲ್ಲಿ ಸೇರಿದ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್ಚಾರ್ಜ್‌ನಿಂದ.

ಮೂಲ ಕಲ್ಪನೆಗಳು

ಪಿಂಚಣಿ ಯೋಜನೆಗಳಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಕೊಡಬೇಕಾದ ಪಿಂಚಣಿಯನ್ನು ಸೂತ್ರವೊಂದು ನಿರ್ಧರಿಸುತ್ತದೆ. ಸೇವಾವಧಿ ಮತ್ತು ಕೊನೆಯ ವೇತನದ ಮೇಲೆ ಲೆಕ್ಕ ಹಾಕುವ ಈ ಬಗೆಯನ್ನು ನಿಶ್ಚಿತ ಸೌಲಭ್ಯ ಯೋಜನೆ ಎನ್ನುತ್ತಾರೆ. ಎರಡನೆಯದರಲ್ಲಿ ನಿಶ್ಚಿತವಾಗಿರುವುದು ಪ್ರತಿ ತಿಂಗಳು ಕಟ್ಟುವ ವಂತಿಗೆ ಮಾತ್ರ. ಕೊನೆಗೆ ಸಿಗುವುದು ಆ ವಂತಿಗೆ ಬೆಳೆದಷ್ಟು. ಇದು ನಿಶ್ಚಿತ ವಂತಿಗೆ ಯೋಜನೆ. ಕೊರತೆ ಎಂಬ ಮಾತು ಹುಟ್ಟುವುದು ಮೊದಲ ಬಗೆಯಲ್ಲಿ ಮಾತ್ರ. ಎರಡನೆಯದರಲ್ಲಿ ಮಾರುಕಟ್ಟೆ ಕುಸಿದರೆ ನಷ್ಟ ಸದಸ್ಯನದೇ ಆಗಿರುತ್ತದೆ. ಆದುದರಿಂದ ಅಲ್ಲಿ ಪ್ರಕಟಿಸಬೇಕಾದುದು ಖಾತೆಯ ಶಿಲ್ಕು, ಹೂಡಿಕೆಯ ಮೌಲ್ಯ ಮತ್ತು ಕಡಿತಗೊಳಿಸಿದ ಶುಲ್ಕ.

ನಿಶ್ಚಿತ ಸೌಲಭ್ಯ ಯೋಜನೆಯ ಹೊಣೆಯನ್ನು ವಿಮಾಗಣಿತಜ್ಞರು ಅಂದಾಜಿಸುತ್ತಾರೆ. ಇಂದು ಮೂವತ್ತು ವರ್ಷದ ನೌಕರನಿಗೆ ಮುಂದೆ ಎಷ್ಟು ವೇತನ ಬರಬಹುದು, ಆತ ಎಷ್ಟು ವರ್ಷ ಬದುಕಬಹುದು, ನಡುವೆ ಕೆಲಸ ಬಿಡುವ ಸಂಭವ ಎಷ್ಟು ಎಂಬುದನ್ನೆಲ್ಲ ಊಹಿಸಿ, ಮುಂದೆ ಕೊಡಬೇಕಾದ ಹಣವನ್ನು ವಟಾವು ದರವೊಂದರ ಮೂಲಕ ಇಂದಿನ ಬೆಲೆಗೆ ಇಳಿಸಲಾಗುತ್ತದೆ. ಈ ದರದ ಪ್ರಭಾವ ಸಾಮಾನ್ಯ ಓದುಗರು ಊಹಿಸುವುದಕ್ಕಿಂತ ದೊಡ್ಡದು. ಕಾಲ್ಪನಿಕ ನಿಧಿಯೊಂದರ ಹೊಣೆ 100 ಕೋಟಿ ರೂಪಾಯಿ, ಆಸ್ತಿ 80 ಕೋಟಿ ರೂಪಾಯಿ ಎಂದಿಟ್ಟುಕೊಳ್ಳೋಣ. ಪಾವತಿಗಳ ಸರಾಸರಿ ಅವಧಿ ಹತ್ತು ವರ್ಷವಾಗಿದ್ದರೆ, ವಟಾವು ದರ ಶೇ 1ರಷ್ಟು ಇಳಿದಾಗ ಹೊಣೆ ಸುಮಾರು 110 ಕೋಟಿಗೆ ಏರುತ್ತದೆ. ಆಸ್ತಿ ಬದಲಾಗದಿದ್ದರೆ ಕೊರತೆ 20 ಕೋಟಿಯಿಂದ 30 ಕೋಟಿಗೆ, ಎಂದರೆ ಒಂದೂವರೆ ಪಟ್ಟಿಗೆ ಬೆಳೆದಂತಾಯಿತು. ಒಬ್ಬ ನೌಕರನೂ ಹೆಚ್ಚಾಗಿಲ್ಲ, ಒಂದು ರೂಪಾಯಿಯೂ ಕಳೆದುಹೋಗಿಲ್ಲ. ಹೀಗಾಗಿ ಕೊರತೆಯ ಅಂಕಿಯನ್ನಷ್ಟೇ ಪ್ರಕಟಿಸಿದರೆ ಸಾಲದು. ಅದರ ಹಿಂದಿನ ಊಹೆಗಳನ್ನೂ ಪ್ರಕಟಿಸಬೇಕೆಂದು ಮಾನದಂಡಗಳು ಒತ್ತಾಯಿಸುತ್ತವೆ.

ಉತ್ತರ ಬೆಂಗಳೂರಿನ ಉದಾಹರಣೆ

ಒಂದೇ ಪ್ರದೇಶದಲ್ಲಿ ಎಷ್ಟು ಬಗೆಯ ಪಿಂಚಣಿ ವ್ಯವಸ್ಥೆಗಳು ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ಚಿಕ್ಕಬಾಣಾವರ, ಜಾಲಹಳ್ಳಿ, ಪೀಣ್ಯ ಮತ್ತು ಯಲಹಂಕಗಳನ್ನು ಒಳಗೊಂಡ ಉತ್ತರ ಬೆಂಗಳೂರು ಒಳ್ಳೆಯ ನಿದರ್ಶನ. ತುಮಕೂರು ಮತ್ತು ಹಾಸನ ಮಾರ್ಗಗಳು ಕವಲೊಡೆಯುವ ಚಿಕ್ಕಬಾಣಾವರ ಜಂಕ್ಷನ್ನು ಮತ್ತು ಯಲಹಂಕದ ರೈಲು ಗಾಲಿ ಕಾರ್ಖಾನೆ ರೈಲ್ವೆಗೆ ಸೇರಿದವು. ಜಾಲಹಳ್ಳಿಯಲ್ಲಿ 1953ರ ಎಚ್‌ಎಂಟಿ ಮತ್ತು 1954ರ ಭಾರತ್ ಎಲೆಕ್ಟ್ರಾನಿಕ್ಸ್ ಎಂಬ ಕೇಂದ್ರೋದ್ಯಮಗಳು ನೆಲೆಗೊಂಡವು. ಪೀಣ್ಯ ಸಾವಿರಾರು ಸಣ್ಣ ಘಟಕಗಳ ಕೈಗಾರಿಕಾ ಪ್ರದೇಶ. ಇವೆಲ್ಲಕ್ಕೂ ವಿದ್ಯುತ್ ಪೂರೈಸುವುದು ಬೆಸ್ಕಾಂ.

2004ಕ್ಕೆ ಮೊದಲು ಸೇರಿದ ರೈಲ್ವೆ ನೌಕರನ ಪಿಂಚಣಿ ರೈಲ್ವೆಯ ಆದಾಯದಿಂದ ಪಿಂಚಣಿ ನಿಧಿಗೆ ವರ್ಷ ವರ್ಷ ತೆಗೆದಿಡುವ ಹಣದಿಂದ ಬರುತ್ತದೆ. ಭಾರತ್ ಎಲೆಕ್ಟ್ರಾನಿಕ್ಸ್‌ನಂತಹ ಷೇರುಪೇಟೆಯ ಕಂಪನಿ ಉಪದಾನ, ಭವಿಷ್ಯ ನಿಧಿ ಇತ್ಯಾದಿಗಳ ಹೊಣೆಯನ್ನು ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ವಿವರಿಸುತ್ತದೆ. ಪೀಣ್ಯದ ಯಂತ್ರಾಗಾರದ ಕಾರ್ಮಿಕನಿಗೆ ಇರುವುದು ನೌಕರರ ಪಿಂಚಣಿ ಯೋಜನೆ, 1995. ಬೆಸ್ಕಾಂನ ಹಳೆಯ ನೌಕರನಿಗೆ ಪ್ರತ್ಯೇಕ ಟ್ರಸ್ಟ್. ಒಂದೇ ಬೀದಿಯ ನಾಲ್ಕು ಮನೆಗಳಲ್ಲಿ ನಾಲ್ವರು ನಿವೃತ್ತರಿದ್ದರೆ, ತಮ್ಮ ಪಿಂಚಣಿಯ ಹಿಂದೆ ಎಷ್ಟು ಹಣವಿದೆ ಎಂದು ತಿಳಿಯಲು ನಾಲ್ವರೂ ಬೇರೆ ಬೇರೆ ದಾಖಲೆ ತೆರೆಯಬೇಕಾಗುತ್ತದೆ.

ಕಂಪನಿಗಳಿಗೆ ಅನ್ವಯಿಸುವ ಮಾನದಂಡಗಳು

ಕಂಪನಿಗಳ ಮಟ್ಟದಲ್ಲಿ ಪ್ರಕಟಣೆಯ ಮುಖ್ಯ ಆಧಾರ ಲೆಕ್ಕಪತ್ರ ಮಾನದಂಡಗಳು. ಹಳೆಯದಾದ ಎಎಸ್ 15ರ 2005ರ ಪರಿಷ್ಕೃತ ರೂಪ 2006ರ ಡಿಸೆಂಬರ್ 7ರ ನಂತರ ಆರಂಭವಾಗುವ ಲೆಕ್ಕಪತ್ರ ಅವಧಿಗಳಿಗೆ ಅನ್ವಯವಾಯಿತು. 2015ರ ಫೆಬ್ರವರಿಯಲ್ಲಿ ಅಧಿಸೂಚಿತವಾದ ಇಂಡ್ ಎಎಸ್ 19 ಅಂತರರಾಷ್ಟ್ರೀಯ ಮಾನದಂಡವಾದ ಐಎಎಸ್ 19ನ್ನು ಅನುಸರಿಸುತ್ತದೆ. 2016ರ ಏಪ್ರಿಲ್ 1ರಿಂದ ದೊಡ್ಡ ಕಂಪನಿಗಳಿಗೆ, ಮರುವರ್ಷದಿಂದ ಉಳಿದ ಷೇರುಪೇಟೆಯ ಕಂಪನಿಗಳಿಗೆ ಮತ್ತು 250 ಕೋಟಿ ರೂಪಾಯಿಗಿಂತ ಕಡಿಮೆಯಿಲ್ಲದ ನಿವ್ವಳ ಮೌಲ್ಯದ ಕಂಪನಿಗಳಿಗೆ ಕಡ್ಡಾಯವಾಯಿತು. ಬ್ಯಾಂಕುಗಳು ಎಎಸ್ 15ನ್ನೇ ಅನುಸರಿಸುತ್ತಿವೆ.

ಇಂಡ್ ಎಎಸ್ 19ರ ಪ್ರಕಾರ ವರ್ಷದ ಆರಂಭದ ಹೊಣೆ ವರ್ಷಾಂತ್ಯದ ಹೊಣೆಯಾಗಿ ಹೇಗೆ ಮಾರ್ಪಟ್ಟಿತು ಎಂಬುದನ್ನು ಹಂತ ಹಂತವಾಗಿ ತೋರಿಸಬೇಕು: ಈ ವರ್ಷದ ಸೇವೆಯಿಂದ ಸೇರಿದ್ದು, ಬಡ್ಡಿಯಿಂದ ಬೆಳೆದದ್ದು, ಪಾವತಿಯಿಂದ ಇಳಿದದ್ದು, ಊಹೆಗಳ ಬದಲಾವಣೆಯಿಂದ ಏರಿಳಿದದ್ದು. ನಿಧಿಯ ಆಸ್ತಿಗೂ ಇದೇ ಬಗೆಯ ಪಟ್ಟಿ ಬೇಕು. ಆಸ್ತಿ ಸರ್ಕಾರಿ ಸಾಲಪತ್ರಗಳಲ್ಲಿದೆಯೇ, ಜೀವವಿಮಾ ನಿಗಮದ ಸಮೂಹ ಪಾಲಿಸಿಯಲ್ಲಿದೆಯೇ, ಷೇರುಗಳಲ್ಲಿದೆಯೇ ಎಂದು ಹೇಳಬೇಕು. ವಟಾವು ದರ, ವೇತನ ಏರಿಕೆಯ ದರ ಮುಂತಾದ ಮುಖ್ಯ ಊಹೆಗಳು ಸ್ವಲ್ಪ ಬದಲಾದರೆ ಹೊಣೆ ಎಷ್ಟು ಬದಲಾಗುತ್ತದೆ ಎಂಬ ಸಂವೇದನಾ ವಿಶ್ಲೇಷಣೆ, ಮುಂದಿನ ವರ್ಷ ಕಟ್ಟಬೇಕಾದ ವಂತಿಗೆಯ ಅಂದಾಜು, ಪಾವತಿಗಳು ಯಾವಾಗ ಬರುತ್ತವೆ ಎಂಬ ವಿವರ ಕೂಡ ಸೇರಿರುತ್ತವೆ. ಭಾರತದಲ್ಲಿ ವಟಾವು ದರಕ್ಕೆ ಸರ್ಕಾರಿ ಸಾಲಪತ್ರಗಳ ಇಳುವರಿಯೇ ಆಧಾರ; ಇತರ ಹಲವು ದೇಶಗಳಲ್ಲಿ ಉತ್ತಮ ದರ್ಜೆಯ ಕಂಪನಿ ಸಾಲಪತ್ರಗಳನ್ನು ಬಳಸುತ್ತಾರೆ.

ಎಎಸ್ 15ರಲ್ಲಿ ಸಣ್ಣ ಮತ್ತು ಮಧ್ಯಮ ಕಂಪನಿಗಳಿಗೆ ಹಲವು ವಿನಾಯಿತಿಗಳಿವೆ. ಪೀಣ್ಯದಂತಹ ಪ್ರದೇಶಗಳ ಬಹುಪಾಲು ಘಟಕಗಳ ಬಗ್ಗೆ ಹೊರಗಿನವರಿಗೆ ಹೆಚ್ಚು ತಿಳಿಯದಿರಲು ಇದೂ ಒಂದು ಕಾರಣ. ಎಷ್ಟೋ ಘಟಕಗಳು ಕಂಪನಿಗಳೇ ಅಲ್ಲ, ಪಾಲುದಾರಿಕೆಗಳು ಅಥವಾ ಒಬ್ಬರ ಒಡೆತನದ ಸಂಸ್ಥೆಗಳು. ಅವುಗಳ ಲೆಕ್ಕಪತ್ರ ಸಾರ್ವಜನಿಕ ದಾಖಲೆಯಾಗುವುದೇ ಇಲ್ಲ.

ಈ ಕೊರತೆಯನ್ನು ಬೇರೊಂದು ದಾರಿಯಿಂದ ತುಂಬುವ ಪ್ರಯತ್ನವೇ ಕರ್ನಾಟಕ ಕಡ್ಡಾಯ ಉಪದಾನ ವಿಮಾ ನಿಯಮಗಳು, 2024. ಉಪದಾನ ಪಾವತಿ ಕಾಯ್ದೆ, 1972ರ 4ಎ ಪ್ರಕರಣದ ಅಡಿಯಲ್ಲಿ 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಈ ನಿಯಮಗಳು, ಉದ್ಯೋಗದಾತರು ಉಪದಾನದ ಹೊಣೆಗೆ ವಿಮೆ ಪಡೆಯಬೇಕು ಅಥವಾ 500ಕ್ಕೆ ಕಡಿಮೆಯಿಲ್ಲದ ನೌಕರರಿದ್ದಲ್ಲಿ ಅನುಮೋದಿತ ನಿಧಿ ಸ್ಥಾಪಿಸಬಹುದು ಎಂದು ವಿಧಿಸಿದವು. ಇದ್ದ ಉದ್ಯೋಗದಾತರಿಗೆ 60 ದಿನ, ಹೊಸಬರಿಗೆ 30 ದಿನಗಳ ಅವಧಿ ಕೊಡಲಾಯಿತು. ಪಿಂಚಣಿಗೆ ಇದು ನೇರವಾಗಿ ಸಂಬಂಧಿಸಿಲ್ಲವಾದರೂ, ಕಾರ್ಖಾನೆ ಮುಚ್ಚಿದಾಗ ನಿವೃತ್ತಿ ಸೌಲಭ್ಯದ ಹಣವೇ ಇಲ್ಲವೆಂದು ತಿಳಿಯುವ ಪರಿಸ್ಥಿತಿಯನ್ನು ತಪ್ಪಿಸುವುದೇ ಇದರ ಉದ್ದೇಶ.

ನೌಕರರ ಪಿಂಚಣಿ ಯೋಜನೆ, 1995

1995ರ ನವೆಂಬರ್ 16ರಂದು ಜಾರಿಗೆ ಬಂದ ಈ ಯೋಜನೆಗೆ ಉದ್ಯೋಗದಾತರ ಶೇ 12ರ ವಂತಿಗೆಯಲ್ಲಿ ಶೇ 8.33 ಹೋಗುತ್ತದೆ, ಉಳಿದ ಶೇ 3.67 ಭವಿಷ್ಯ ನಿಧಿಗೆ ಸೇರುತ್ತದೆ. ಕೇಂದ್ರ ಸರ್ಕಾರ ವೇತನದ ಶೇ 1.16ನ್ನು ಸೇರಿಸುತ್ತದೆ. 2014ರ ಸೆಪ್ಟೆಂಬರ್ 1ರಿಂದ ವೇತನ ಮಿತಿ 15,000 ರೂಪಾಯಿ. ಹೀಗಾಗಿ ಮಿತಿಯ ವೇತನಕ್ಕೆ ತಿಂಗಳಿಗೆ ಸುಮಾರು 1,250 ರೂಪಾಯಿ ಪಿಂಚಣಿ ನಿಧಿಗೆ ಸಂದಾಯವಾಗುತ್ತದೆ.

ಸದಸ್ಯರ ಪಾಸ್‌ಬುಕ್ಕಿನಲ್ಲಿ ನೌಕರನ ಪಾಲು, ಉದ್ಯೋಗದಾತರ ಪಾಲು, ಪಿಂಚಣಿ ವಂತಿಗೆ ಎಂದು ಮೂರು ಅಂಕಣಗಳಿರುತ್ತವೆ. ಮೊದಲ ಎರಡಕ್ಕೆ ಬಡ್ಡಿ ಸೇರುತ್ತದೆ, ಮೂರನೆಯದಕ್ಕೆ ಸೇರುವುದಿಲ್ಲ. ಬಡ್ಡಿ ಬಾಕಿ ಇದೆಯೆಂದು ಅನೇಕರು ಇದನ್ನು ತಪ್ಪಾಗಿ ಅರ್ಥೈಸುವುದುಂಟು. ವಾಸ್ತವದಲ್ಲಿ ಪಿಂಚಣಿ ಅಂಕಣದ ಹಣ ವೈಯಕ್ತಿಕ ಖಾತೆಯದಲ್ಲ. ಅದು ಎಲ್ಲ ಸದಸ್ಯರ ಸಾಮೂಹಿಕ ನಿಧಿಗೆ ಸೇರಿದೆ. ಸಿಗುವ ಪಿಂಚಣಿಯನ್ನು ನಿರ್ಧರಿಸುವುದು ಪಿಂಚಣಿಗೆ ಅರ್ಹವಾದ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವ ಸೂತ್ರ. 15,000 ರೂಪಾಯಿ ಸರಾಸರಿ ವೇತನ ಮತ್ತು 14 ವರ್ಷಗಳ ಅರ್ಹ ಸೇವೆ ಇದ್ದರೆ ತಿಂಗಳ ಪಿಂಚಣಿ 3,000 ರೂಪಾಯಿ. ಕನಿಷ್ಠ ಪಿಂಚಣಿಯನ್ನು 2014ರಲ್ಲಿ 1,000 ರೂಪಾಯಿ ಎಂದು ನಿಗದಿಪಡಿಸಲಾಯಿತು. ಅದನ್ನು ಹೆಚ್ಚಿಸಬೇಕೆಂಬ ಬೇಡಿಕೆ ಮುಚ್ಚಿದ ಹಾಗೂ ನಷ್ಟದ ಕಾರ್ಖಾನೆಗಳ ನಿವೃತ್ತರಿಂದ ಪದೇ ಪದೇ ಬರುತ್ತಿದೆ.

ಪಾಸ್‌ಬುಕ್ ಪ್ರತಿಯೊಬ್ಬನ ವಂತಿಗೆಯನ್ನು ತೋರಿಸುತ್ತದೆಯೇ ಹೊರತು ನಿಧಿಯ ಸಾಮರ್ಥ್ಯವನ್ನಲ್ಲ. ಆ ಕೆಲಸ ಯೋಜನೆಯ 32ನೇ ಪರಿಚ್ಛೇದಕ್ಕೆ ಸೇರಿದ್ದು. ಅದರ ಪ್ರಕಾರ ಕೇಂದ್ರ ಸರ್ಕಾರ ತಾನು ನೇಮಿಸಿದ ಮೌಲ್ಯಮಾಪಕರಿಂದ ಪ್ರತಿ ವರ್ಷ ನಿಧಿಯ ಮೌಲ್ಯಮಾಪನ ಮಾಡಿಸಬೇಕು. ನಿಧಿಯ ಸ್ಥಿತಿಯನ್ನು ನೋಡಿ ವಂತಿಗೆಯ ದರವನ್ನೋ ಸೌಲಭ್ಯದ ಪ್ರಮಾಣವನ್ನೋ ಬದಲಿಸಬಹುದು. ಮೌಲ್ಯಮಾಪನದ ಫಲ ಸದಸ್ಯನ ಕೈಗೆ ನೇರವಾಗಿ ತಲುಪುವ ದಾಖಲೆಯಲ್ಲ. ಸಂಸತ್ತಿನ ಉತ್ತರಗಳು, ಸಂಸದೀಯ ಸಮಿತಿಯ ವರದಿಗಳು ಅಥವಾ ಮಾಹಿತಿ ಹಕ್ಕು ಅರ್ಜಿಗಳ ಮೂಲಕ ಅದು ಹೆಚ್ಚಾಗಿ ಚರ್ಚೆಗೆ ಬರುತ್ತದೆ. ಹೆಚ್ಚಿನ ವೇತನದ ಮೇಲಿನ ಪಿಂಚಣಿಯ ಬಗ್ಗೆ 2022ರ ನವೆಂಬರ್ 4ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನ ಹಿನ್ನೆಲೆಯ ವಾದಗಳಲ್ಲಿ ನಿಧಿಯ ವಿಮಾಗಣಿತ ಕೊರತೆಯೇ ಮುಖ್ಯ ಪ್ರಶ್ನೆಗಳಲ್ಲಿ ಒಂದಾಗಿತ್ತು.

ವಿದ್ಯುತ್ ಕಂಪನಿಗಳ ಪಿಂಚಣಿ ಟ್ರಸ್ಟ್

1957ರಲ್ಲಿ ಸ್ಥಾಪಿತವಾಗಿ ಮುಂದೆ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ ಎಂದು ಹೆಸರಾದ ಸಂಸ್ಥೆಯನ್ನು ಕರ್ನಾಟಕ ವಿದ್ಯುಚ್ಛಕ್ತಿ ಸುಧಾರಣಾ ಕಾಯ್ದೆ, 1999ರ ಅಡಿಯಲ್ಲಿ ವಿಸರ್ಜಿಸಿ, ಅದೇ ವರ್ಷದ ಆಗಸ್ಟ್ 1ರಿಂದ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮಕ್ಕೆ, ಎಂದರೆ ಕೆಪಿಟಿಸಿಎಲ್‌ಗೆ, ಪ್ರಸರಣ ಮತ್ತು ವಿತರಣೆಯ ಕೆಲಸವನ್ನು ವಹಿಸಲಾಯಿತು. 2002ರ ಜೂನ್ 1ರಿಂದ ವಿತರಣೆ ಬೇರ್ಪಟ್ಟು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಮತ್ತು ಜೆಸ್ಕಾಂಗಳು ಕೆಲಸ ಆರಂಭಿಸಿದವು. ಮೈಸೂರು ಭಾಗದ ಚಾಮುಂಡೇಶ್ವರಿ ಕಂಪನಿ ನಂತರ ರೂಪುಗೊಂಡಿತು.

ಮಂಡಳಿಯ ನೌಕರರು ಹೊಸ ಕಂಪನಿಗಳಿಗೆ ವರ್ಗವಾದಾಗ ಅವರ ಪಿಂಚಣಿಯ ಹಕ್ಕು ಹಾಗೆಯೇ ಉಳಿಯಿತು. ಆದರೆ ಅವರ ಹಿಂದಿನ ಸೇವೆಯ ಹೊಣೆಗೆ ತಕ್ಕ ಹಣ ವರ್ಗವಾಗಬೇಕಿತ್ತು. ಇದಕ್ಕಾಗಿ ಕೆಪಿಟಿಸಿಎಲ್ ಮತ್ತು ವಿದ್ಯುತ್ ಸರಬರಾಜು ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಟ್ರಸ್ಟ್ ಇದೆ. ಕಂಪನಿಗಳು ತಮ್ಮ ಪಾಲಿನ ವಂತಿಗೆ ಕಟ್ಟುತ್ತವೆ. ಜೊತೆಗೆ ರಾಜ್ಯ ಸರ್ಕಾರದ ಪಾಲು ಎಂಬುದೊಂದಿದೆ. 2006ರ ಏಪ್ರಿಲ್ 1ರ ನಂತರ ಸೇರಿದವರು ಹೊಸ ಪಿಂಚಣಿ ಯೋಜನೆಗೆ ಸೇರುವುದರಿಂದ, ಈ ಟ್ರಸ್ಟಿಗೆ ಹೊಸ ಸದಸ್ಯರು ಬರುವುದಿಲ್ಲ. ಕೆಲಸದಲ್ಲಿರುವವರು ಇಳಿಯುತ್ತ, ಪಿಂಚಣಿದಾರರು ಏರುತ್ತ ಹೋಗುವ ಇಂತಹ ನಿಧಿಯಲ್ಲಿ ವಂತಿಗೆ ಬಾಕಿಯಾದರೆ ಅದರ ಪರಿಣಾಮ ಬೇಗ ಕಾಣುತ್ತದೆ.

ಸರ್ಕಾರದ ಪಾಲನ್ನು ಯಾರು ಭರಿಸಬೇಕು ಎಂಬುದು ದೀರ್ಘ ವಿವಾದವಾಯಿತು. ಅದನ್ನು ವಿದ್ಯುತ್ ದರದ ಮೂಲಕ ವಸೂಲಿ ಮಾಡುವುದನ್ನು ಎಫ್‌ಕೆಸಿಸಿಐ ಸೇರಿದಂತೆ ಕೈಗಾರಿಕೆ ಮತ್ತು ಗ್ರಾಹಕರ ಸಂಘಟನೆಗಳು ವಿರೋಧಿಸಿದವು. 2025ರ ಮಾರ್ಚ್‌ನಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ವಸೂಲಿಗೆ ಅನುಮತಿ ಕೊಟ್ಟಿತು. ಅದರಂತೆ 2025–26ರಲ್ಲಿ ಯೂನಿಟ್ಟಿಗೆ 36 ಪೈಸೆ, 2026–27ರಲ್ಲಿ 35 ಪೈಸೆ, 2027–28ರಲ್ಲಿ 34 ಪೈಸೆ ನಿಗದಿಯಾಯಿತು. 150 ಯೂನಿಟ್ ಬಳಕೆಯ ಬಿಲ್ಲಿನಲ್ಲಿ ಮೊದಲ ವರ್ಷ ಇದರ ಪಾಲು 54 ರೂಪಾಯಿ. ಅದೇ ತಿಂಗಳ ಬಹುವಾರ್ಷಿಕ ದರ ಆದೇಶದಲ್ಲಿ ಗೃಹಬಳಕೆಯ ಯೂನಿಟ್ ದರ 5.90 ರೂಪಾಯಿಯಿಂದ 5.80ಕ್ಕೆ ಇಳಿದದ್ದರಿಂದ, ಇಳಿಕೆಗಿಂತ ಸರ್ಚಾರ್ಜ್ ಮೂರು ಪಟ್ಟಿಗೂ ಹೆಚ್ಚಾಗಿರುವುದು ಗ್ರಾಹಕರ ಗಮನಕ್ಕೆ ಬಂತು.

ಪ್ರಕಟಣೆಯ ದೃಷ್ಟಿಯಿಂದ ಈ ಪ್ರಕರಣ ವಿಶಿಷ್ಟವಾದುದು. ವಿದ್ಯುಚ್ಛಕ್ತಿ ಕಾಯ್ದೆ, 2003ರ 64ನೇ ಪ್ರಕರಣದಂತೆ ದರ ಅರ್ಜಿಯನ್ನು ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆಗಳನ್ನು ಪರಿಗಣಿಸಿಯೇ ಆಯೋಗ ಆದೇಶ ಹೊರಡಿಸಬೇಕು. ಪಿಂಚಣಿ ಟ್ರಸ್ಟಿನ ಬಾಕಿ, ಅದಕ್ಕೆ ಬೇಕಾದ ಮೊತ್ತ, ಹಂಚಿಕೆಯ ವಿಧಾನ ಜನರಿಗೆ ತಿಳಿದದ್ದು ಪಿಂಚಣಿ ಕಾನೂನಿನ ಮೂಲಕವಲ್ಲ, ದರ ನಿಗದಿಯ ಈ ನಿಯಮದ ಮೂಲಕ. ಕಂಪನಿಗಳ ವಾರ್ಷಿಕ ವರದಿಯ ಟಿಪ್ಪಣಿಗಳನ್ನು ಓದುವವರು ವಿರಳ. ಬಿಲ್ಲಿನ ಸಾಲನ್ನು ಎಲ್ಲರೂ ಓದುತ್ತಾರೆ.

ಸರ್ಕಾರಿ ಪಿಂಚಣಿ ಮತ್ತು ರೈಲ್ವೆ

ರಾಜ್ಯ ಸರ್ಕಾರದ ಹಳೆಯ ಪಿಂಚಣಿಗೆ ನಿಧಿಯೇ ಇಲ್ಲ. ಆಯಾ ವರ್ಷದ ಆದಾಯದಿಂದ ಆಯಾ ವರ್ಷದ ಪಿಂಚಣಿ ಕೊಡಲಾಗುತ್ತದೆ. ಸರ್ಕಾರದ ಲೆಕ್ಕಗಳು ನಗದು ಪದ್ಧತಿಯಲ್ಲಿರುವುದರಿಂದ, ಆಯವ್ಯಯದಲ್ಲಿ ಮತ್ತು ಮಹಾಲೇಖಪಾಲರ ಹಣಕಾಸು ಲೆಕ್ಕಗಳಲ್ಲಿ ಕಾಣುವುದು ವರ್ಷದ ವೆಚ್ಚ. ಮುಂದೆ ಕೊಡಬೇಕಾದ ಒಟ್ಟು ಹೊಣೆ ಸಾಲದ ಪಟ್ಟಿಗೆ ಸೇರುವುದಿಲ್ಲ. ಹಲವು ರಾಜ್ಯಗಳ ವಿತ್ತೀಯ ಹೊಣೆಗಾರಿಕೆ ಕಾಯ್ದೆಗಳು ಮುಂದಿನ ಹತ್ತು ವರ್ಷಗಳ ಪಿಂಚಣಿ ಹೊಣೆಯನ್ನು ವಿಮಾಗಣಿತದ ಆಧಾರದಲ್ಲಿ ಅಂದಾಜಿಸಬೇಕೆಂದು ಹೇಳುತ್ತವೆ.

ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಂದು ಅಥವಾ ನಂತರ ಸೇರಿದ ಸರ್ಕಾರಿ ನೌಕರರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಒಳಪಡುತ್ತಾರೆ. ಇಲ್ಲಿ ನಿಧಿಯ ಘಟಕ ಮೌಲ್ಯ ಪ್ರತಿ ವ್ಯವಹಾರ ದಿನ ಪ್ರಕಟವಾಗುತ್ತದೆ. ಸದಸ್ಯ ತನ್ನ ಖಾತೆಯ ಶಿಲ್ಕನ್ನು ಯಾವಾಗ ಬೇಕಾದರೂ ನೋಡಬಹುದು. ಪಾರದರ್ಶಕತೆಯಲ್ಲಿ ಇದು ಹಳೆಯ ಪದ್ಧತಿಗಿಂತ ಮುಂದಿದ್ದರೂ, ಎಷ್ಟು ಪಿಂಚಣಿ ಬರುತ್ತದೆ ಎಂಬ ಭರವಸೆ ಇದರಲ್ಲಿಲ್ಲ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ನಡೆಸಿದ ಮುಷ್ಕರದ ಬೇಡಿಕೆಗಳಲ್ಲಿ ಹಳೆಯ ಪಿಂಚಣಿಗೆ ಮರಳುವುದೂ ಒಂದಾಗಿತ್ತು. 2006ರ ಏಪ್ರಿಲ್‌ಗೆ ಮೊದಲೇ ನೇಮಕಾತಿ ಅಧಿಸೂಚನೆ ಹೊರಟಿದ್ದು, ನಂತರ ಸೇರಿದ ಸುಮಾರು 13,000 ನೌಕರರಿಗೆ 2024ರ ಜನವರಿಯಲ್ಲಿ ಹಳೆಯ ಯೋಜನೆಯನ್ನು ಅನ್ವಯಿಸಲಾಯಿತು. ಹಳೆಯ ಯೋಜನೆಗೆ ಮರಳಿದ ಮೊದಲ ವರ್ಷಗಳಲ್ಲಿ ಸರ್ಕಾರದ ವಂತಿಗೆ ಉಳಿಯುತ್ತದೆ. ವೆಚ್ಚ ಬರುವುದು ದಶಕಗಳ ನಂತರ. ನಗದು ಲೆಕ್ಕ ಇದನ್ನು ಉಳಿತಾಯವೆಂದೇ ತೋರಿಸುತ್ತದೆ. ಒಟ್ಟು ಹೊಣೆಯ ಅಂಕಿ ಎದುರಿಗಿಲ್ಲದೆ ನೌಕರರ ವಾದವನ್ನಾಗಲಿ ಸರ್ಕಾರದ ವಾದವನ್ನಾಗಲಿ ತೂಗುವುದು ಕಷ್ಟ.

ರೈಲ್ವೆಯ ವಿಷಯದಲ್ಲಿ ಪ್ರಕಟಣೆಯ ಮಹತ್ವವನ್ನು ನಿಯಂತ್ರಕ ಮತ್ತು ಮಹಾಲೇಖಪಾಲರ ವರದಿ ತೋರಿಸಿಕೊಟ್ಟಿತು. ನೂರು ರೂಪಾಯಿ ಗಳಿಸಲು ಎಷ್ಟು ಖರ್ಚಾಗುತ್ತದೆ ಎಂದು ಹೇಳುವ ನಿರ್ವಹಣಾ ಅನುಪಾತವನ್ನು 2019–20ಕ್ಕೆ ರೈಲ್ವೆ ಶೇ 98.36 ಎಂದು ತೋರಿಸಿತ್ತು. ಪಿಂಚಣಿ ನಿಧಿಗೆ ತೆಗೆದಿಟ್ಟ ಮೊತ್ತದ ಬದಲು ವಾಸ್ತವವಾಗಿ ಪಾವತಿಸಿದ ಪಿಂಚಣಿಯನ್ನು ಲೆಕ್ಕಕ್ಕೆ ಹಿಡಿದಿದ್ದರೆ ಅದು ಶೇ 114.35 ಆಗುತ್ತಿತ್ತು ಎಂದು ವರದಿ ಹೇಳಿತು. ಲಾಭ ಮತ್ತು ನಷ್ಟದ ನಡುವಿನ ಗೆರೆ ಪಿಂಚಣಿಯ ಒಂದು ಬಾಬತ್ತಿನ ಮೇಲೆ ನಿಂತಿತ್ತು.

ಬ್ಯಾಂಕುಗಳು

ಕೆನರಾ ಬ್ಯಾಂಕ್ ಸೇರಿದಂತೆ ಸಾರ್ವಜನಿಕ ವಲಯದ ಬ್ಯಾಂಕುಗಳ ನೌಕರರಿಗೆ 1995ರ ಪಿಂಚಣಿ ನಿಯಮಾವಳಿಗಳಿವೆ. 2010ರಲ್ಲಿ ಪಿಂಚಣಿ ಆಯ್ಕೆಗೆ ಎರಡನೆಯ ಅವಕಾಶ ಕೊಟ್ಟಾಗ ಉಂಟಾದ ಭಾರಿ ಹೊಣೆಯನ್ನು ಒಂದೇ ವರ್ಷ ತೋರಿಸುವ ಬದಲು ಐದು ವರ್ಷಗಳಲ್ಲಿ ಹಂಚಲು ರಿಸರ್ವ್ ಬ್ಯಾಂಕ್ 2011ರ ಫೆಬ್ರವರಿಯಲ್ಲಿ ಅನುಮತಿಸಿತು. ಕುಟುಂಬ ಪಿಂಚಣಿ ಹೆಚ್ಚಳದ ಹೊಣೆಗೂ 2021ರ ಅಕ್ಟೋಬರ್ 4ರ ಸುತ್ತೋಲೆ ಇದೇ ಸೌಲಭ್ಯ ಕೊಟ್ಟಿತು. ಇನ್ನೂ ಲೆಕ್ಕಕ್ಕೆ ಸೇರದ ಮೊತ್ತ ಎಷ್ಟು, ಪೂರ್ತಿ ಸೇರಿಸಿದ್ದರೆ ನಿವ್ವಳ ಲಾಭ ಎಷ್ಟಾಗುತ್ತಿತ್ತು ಎಂದು ಟಿಪ್ಪಣಿಯಲ್ಲಿ ಹೇಳಬೇಕೆಂಬುದು ಅದರ ಷರತ್ತು. ರಿಯಾಯಿತಿಗೆ ಪ್ರತಿಯಾಗಿ ಪ್ರಕಟಣೆ ಎಂಬ ಈ ವಿಧಾನ ಬ್ಯಾಂಕಿನ ಠೇವಣಿದಾರರಿಗೂ ಷೇರುದಾರರಿಗೂ ಉಪಯುಕ್ತವಾಯಿತು.

ಇತರ ದೇಶಗಳಲ್ಲಿ

ಅಮೆರಿಕದ ಇಂಡಿಯಾನಾ ರಾಜ್ಯದ ಸ್ಟೂಡಿಬೇಕರ್ ಕಾರು ಕಾರ್ಖಾನೆ 1963ರಲ್ಲಿ ಮುಚ್ಚಿ ಸಾವಿರಾರು ಕಾರ್ಮಿಕರು ಪಿಂಚಣಿ ಕಳೆದುಕೊಂಡದ್ದು, 1974ರಲ್ಲಿ ಎರಿಸಾ ಎಂದು ಹೆಸರಾದ ಕಾಯ್ದೆ ಬರಲು ಕಾರಣಗಳಲ್ಲೊಂದು. ಅದರ ಅಡಿಯಲ್ಲಿ ಯೋಜನೆಗಳು ಫಾರ್ಮ್ 5500 ಎಂಬ ವಾರ್ಷಿಕ ವರದಿ ಸಲ್ಲಿಸುತ್ತವೆ. 2006ರ ಪಿಂಚಣಿ ಸಂರಕ್ಷಣಾ ಕಾಯ್ದೆ ಪ್ರತಿ ಸದಸ್ಯನಿಗೂ ನಿಧಿ ಸ್ಥಿತಿಯ ವಾರ್ಷಿಕ ಸೂಚನೆ ಕಳುಹಿಸುವ ಕರ್ತವ್ಯವನ್ನು ವಿಸ್ತರಿಸಿತು. ದೊಡ್ಡ ಯೋಜನೆಗಳು ವರ್ಷ ಮುಗಿದ 120 ದಿನಗಳೊಳಗೆ, ಆ ವರ್ಷದ ಮತ್ತು ಹಿಂದಿನ ಎರಡು ವರ್ಷಗಳ ನಿಧಿ ಶೇಕಡಾವಾರನ್ನು ಇದರಲ್ಲಿ ತಿಳಿಸಬೇಕು. ಬ್ರಿಟನ್ನಿನಲ್ಲಿ 2004ರ ಪಿಂಚಣಿ ಕಾಯ್ದೆಯ ವ್ಯವಸ್ಥೆಯಡಿ ಸದಸ್ಯರಿಗೆ ಸಂಕ್ಷಿಪ್ತ ನಿಧಿ ವಿವರಣೆ ಸಿಗುತ್ತದೆ. ನಿಧಿಯ ಸ್ಥಿತಿಯನ್ನು ಪಿಂಚಣಿದಾರನ ಮನೆಗೇ ಕಳುಹಿಸುವ ಇಂತಹ ಸಾಮಾನ್ಯ ಕಾನೂನು ಭಾರತದಲ್ಲಿಲ್ಲ. ಸಾರ್ವಜನಿಕ ಪ್ರಾಧಿಕಾರಗಳ ಸಂದರ್ಭದಲ್ಲಿ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ ಅರ್ಜಿ ಸಲ್ಲಿಸಿ ವಿಮಾಗಣಿತ ಮೌಲ್ಯಮಾಪನದ ವರದಿ, ವಂತಿಗೆ ಬಾಕಿ ಮತ್ತು ಹೂಡಿಕೆಯ ವಿವರಗಳನ್ನು ಕೇಳಬಹುದು. ಷೇರುಪೇಟೆಯ ಕಂಪನಿಯಾದರೆ ವಾರ್ಷಿಕ ವರದಿಯಲ್ಲಿ ನೌಕರರ ಸೌಲಭ್ಯಗಳ ಟಿಪ್ಪಣಿಯನ್ನು ನೋಡಬಹುದು.